ಸಾಹೇಬರು ಹಂಚಿದ ಬೀಗರ ಬೆಲ್ಲ

ಕಳೆದ ತಿಂಗಳು ಊರ ಸೀಮೆಯಲ್ಲಿ, ಖಾನಾಪುರ ರಸ್ತೆಯ ನಾಕಾದಲ್ಲಿ, ನಾನು ಬೆಲ್ಲದ ತಟ್ಟೆ ಹಿಡಿದು ನಿಂತಿದ್ದೆ. ಎದುರಿಗೆ ಟಯರ್ ಉರಿಯುತ್ತಿತ್ತು.

ಬೆಲ್ಲ ಬೀಗರಿಗೆ. ಟಯರ್ ನಾಡು-ನುಡಿಗೆ. ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಏರ್ಪಾಟು ಮಾಡಿದವನು ಒಬ್ಬನೇ. ನಮ್ಮ ಪಕ್ಕದ ಮನೆಯ ಬಸು.

ನಮ್ಮ ಗಡಿ ಊರಿನ ಶಹಾಪುರ ಪೇಟೆಯಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಎರಡು ಪವರ್‌ಲೂಮ್ ಓಡುತ್ತವೆ. ಅವು ಸದ್ದು ಮಾಡಿದರೆ ನನಗೆ ನಿದ್ದೆ, ನಿಂತರೆ ಎಚ್ಚರ. ತಾಯಿ ಶಾಂತವ್ವ, ತಂಗಿ ರೂಪಾ, ಮತ್ತು ಬಸು. ತಾಯಿ ಮಗ್ಗ ನೋಡಿಕೊಳ್ಳುತ್ತಾಳೆ. ರೂಪಾ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನಿಶಿಯನ್. ಬಸು? ಅವನು ಒಂದು ಕನ್ನಡ ಸಂಘಟನೆಯ ರಾಜ್ಯಾಧ್ಯಕ್ಷ. (ರಾಜ್ಯ ಅಂದರೆ ಶಹಾಪುರದಿಂದ ಕೋಟೆಯ ಬಾಗಿಲಿನವರೆಗೆ. ಅದರಾಚೆಗೆ ಬೇರೆ ರಾಜ್ಯಾಧ್ಯಕ್ಷರಿದ್ದಾರೆ.)

ಅಂಗಡಿಗಳ ಮರಾಠಿ ಬೋರ್ಡಿಗೆ ಮಸಿ ಬಳಿಯುವುದರಲ್ಲಿ ಬಸುವಿನದು ಹೆಸರಾದ ಕೈ. ಆದರೆ ಮಗ್ಗದ ಎಳೆ ಕಡಿದಾಗ ಅವನ ಬಾಯಿಂದ ಬರುವ ಬೈಗುಳ ಮಾತ್ರ ಅಪ್ಪಟ ಮರಾಠಿ. ಒಮ್ಮೆ ಗೋಡೆಯ ಈ ಕಡೆಯಿಂದಲೇ ಅವನನ್ನು ಕೇಳಿಬಿಟ್ಟೆ.

"ಯಾಕೋ, ಕನ್ನಡದಾಗ ಬೈಗುಳ ತೀರ್ಯಾವೇನೋ?"

"ಬಾಯಾರ, ಸಿಟ್ಟು ಬಂದಾಗ ಭಾಷಾ ನೋಡಾಕ ಆಗಂಗಿಲ್ರಿ" ಅಂದ.

ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದ ಮೇಲೆ ಪತ್ರಿಕೆಗೆ ಈ ಅಂಕಣ ಬರೆಯುವವಳು ನಾನು. ಓಣಿಗೆಲ್ಲ 'ಬಾಯಾರು'. ಯಾರ ಮನೆಯಲ್ಲಿ ಕಾರ್ಯವಿದ್ದರೂ ಅದರ ವೇಳಾಪಟ್ಟಿ ನನ್ನ ಕೊರಳಿಗೆ ಬೀಳುತ್ತದೆ. ರೂಪಾಳ ನಿಶ್ಚಯವೂ ಹಾಗೆಯೇ ಬಿತ್ತು.

ಈ ನಿಶ್ಚಯ ಸುಲಭದ್ದಾಗಿರಲಿಲ್ಲ. ವರ ಮಹೇಶ, ಗುಂಜಿಯವನು, ಕರೆಂಟ್ ಕಂಪನಿಯಲ್ಲಿ ಲೈನ್‌ಮನ್. ಇಲ್ಲೂ ಕೊರಳಲ್ಲಿ ಲಿಂಗ, ಅಲ್ಲೂ ಕೊರಳಲ್ಲಿ ಲಿಂಗ. ಆದರೆ ಗುಂಜಿಯ ಆ ಮನೆಯಲ್ಲಿ ದೇವರ ಹತ್ತಿರ ಕನ್ನಡ, ಎಮ್ಮೆಯ ಹತ್ತಿರ ಮರಾಠಿ, ಮನುಷ್ಯರ ಹತ್ತಿರ ಎರಡರ ಕಲಬೆರಕೆ. ಖಾನಾಪುರದ ಕಡೆ ಇದೇನು ಹೊಸದೆ? ಅಡಚಣೆ ಭಾಷೆಯದಲ್ಲ, ಬಸುವಿನದು. ಮಸಿ ಬಳಿಯುವ ವಿಡಿಯೋಗಳು ಗುಂಜಿಯ ಮೊಬೈಲುಗಳಿಗೂ ಹೋಗಿದ್ದವು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು, ನೆಂಟರು ಒಪ್ಪಲಿಲ್ಲ. ಮಾತು ಎರಡು ಸಲ ಮುರಿಯಿತು. ಕೊನೆಗೆ ಮಹೇಶನ ಅಪ್ಪ ಮಲ್ಲಪ್ಪ ಶಾಂತವ್ವನಿಗೆ ಒಂದೇ ಶರತ್ತು ಹಾಕಿದರು.

"ನಮ್ಮ ಮಂದಿ ಬರೂ ದಿನ ಹುಡುಗಿ ಅಣ್ಣ ತಾನ ಸೀಮಿಗೆ ಬಂದು, ತನ್ನ ಕೈಯಾರೆ ಬೆಲ್ಲ-ನೀರು ಕೊಟ್ಟು ಕರಕೊಳ್ಳಬೇಕು. ಕೊಟ್ಟಾ ಅಂದ್ರ ಊರಾಗ ಬರ್ತೀವಿ. ಇಲ್ಲಂದ್ರ ಅಲ್ಲಿಂದನ ಗಾಡಿ ಹೊಳ್ಳಿಸ್ತೀವಿ."

ಬೀಗರನ್ನು ಊರ ಸೀಮೆಯಲ್ಲಿ ಎದುರುಗೊಳ್ಳುವ ಹಳೆಯ ಪದ್ಧತಿ ನಿಮಗೆ ಗೊತ್ತಿರುವುದೇ. ಈಗ ಯಾರು ಪಾಲಿಸುತ್ತಾರೆ? ಮಂಟಪದ ಗೇಟಿನಲ್ಲಿ ಒಂದು ಪ್ಲಾಸ್ಟಿಕ್ ಲೋಟ ಜ್ಯೂಸ್ ಕೊಟ್ಟರೆ ಮುಗಿಯಿತು. ಮಲ್ಲಪ್ಪ ಬೇಕೆಂದೇ ಹಳೆಯದನ್ನು ಕೇಳಿದ್ದರು. ಮಸಿ ಹಿಡಿದ ಕೈ ಬೆಲ್ಲ ಹಿಡಿಯುತ್ತದೋ ಇಲ್ಲವೋ, ಅವರಿಗೆ ನೋಡಬೇಕಿತ್ತು. ಬಸು ಒಪ್ಪಿಕೊಂಡ. ಅವ್ವನ ತಲೆ ಮುಟ್ಟಿ ಹೇಳಿದ.

ನಿಶ್ಚಯದ ದಿನ ಬೆಳಿಗ್ಗೆ ನೋಡಿದರೆ ಮನೆಯಲ್ಲಿ ಬಸು ಇಲ್ಲ. ಫೋನಿಗೆ ಉತ್ತರವಿಲ್ಲ. ಬೀಗರು ಗುಂಜಿ ಬಿಟ್ಟ ಸುದ್ದಿ ಬಂತು. ಶಾಂತವ್ವ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. "ಬಾಯಾರ, ನೀವ ಹೋಗ್ರಿ. ಎಲ್ಲಿದ್ರೂ ಹಿಡಕೊಂಡು ನಿಂದರಸ್ರಿ ಅವನ್ನ." ರೂಪಾ ಸೀರೆ ಉಟ್ಟು, ಗೋಡೆ ನೋಡುತ್ತ ಕೂತಿದ್ದಳು. ನಾನು ಆಟೋ ಹತ್ತಿದೆ.

ಹುಡುಕುವ ಕಷ್ಟವೇ ಬೀಳಲಿಲ್ಲ. ನಾಕಾದ ನಡುವೆ ಹೊಗೆ. ಹೊಗೆಯ ಪಕ್ಕದಲ್ಲಿ ಸಂಘಟನೆಯ ಶಾಲು ಹಾಕಿಕೊಂಡ ಬಸು.

"ಏನೋ ಇದು?" ಅಂದೆ.

"ಬಾಯಾರ, ಟೆನ್ಶನ್ ತಗೋಬ್ಯಾಡ್ರಿ. ನಿನ್ನೆ ಸಾಹೇಬ್ರ ಪಿ.ಎ. ಫೋನ್ ಬಂತು. ಖಾನಾಪುರ ರೋಡಿನ ಮ್ಯಾಗ ಸ್ವಲ್ಪ ಗರ್ಮಿ ಬೇಕು, ಗದ್ದಲ ಆಗಬೇಕು ಅಂದ್ರು. ನಾ ಅಂದೆ, ಹೆಂಗಿದ್ರೂ ಬೀಗರನ್ನ ಕರಿಯಾಕ ಅಲ್ಲೇ ಬರಾಂವ ಇದೀನಲ್ಲ! ಒಂದ ಜಾಗಾ, ಎರಡು ಕೆಲಸ. ಟಯರ್ ಹಚ್ಚೂದು, ಮನವಿ ಕೊಡೂದು, ಶಾಲು ತಗದು ಬೆಲ್ಲ ಹಿಡಿಯೂದು. ವ್ಯಾಳೆ ಹಾಳು ಮಾಡಬಾರದು ಅಂತ ನೀವ ಹೇಳ್ತಿರ್ತೀರಲ್ರಿ!"

ನನ್ನ ಜೀವಮಾನದ ಶಿಸ್ತಿಗೆ ಇಂಥ ಶಿಷ್ಯ ಸಿಕ್ಕಿದ್ದು ಇದೇ ಮೊದಲು.

ಸಾಹೇಬರು ಅಂದರೆ ದೊಡ್ಡ ಪಕ್ಷದವರು. ಯಾವ ಪಕ್ಷ ಎಂದು ಕೇಳಬೇಡಿ. ನಿಮಗೆ ಆಗದ ಪಕ್ಷದ ಹೆಸರು ಹಾಕಿಕೊಂಡು ಓದಿ, ಸರಿಹೋಗುತ್ತದೆ. ಆಗುವ ಪಕ್ಷದ ಹೆಸರು ಹಾಕಿಕೊಂಡರೂ ಸರಿಹೋಗುತ್ತದೆ, ಸ್ವಲ್ಪ ಕಸಿವಿಸಿಯಾಗುತ್ತದೆ ಅಷ್ಟೆ. ಬರುವ ಪಾಲಿಕೆ ಚುನಾವಣೆಗೆ ವಾರ್ಡಿನ ಟಿಕೆಟ್ ಕೊಡುವುದಾಗಿ ಅವರು ಬಸುವಿಗೆ ಮಾತು ಕೊಟ್ಟಿದ್ದಾರೆ. ಹಿಂದಿನ ಸಲವೂ ಕೊಟ್ಟಿದ್ದರು. ಮಾತನ್ನು.

ಬಸುವಿನ ಯೋಜನೆಯಲ್ಲಿ ದೋಷ ಒಂದೇ. ಎಲ್ಲರೂ ಹೇಳಿದ ಹೊತ್ತಿಗೆ ಬರುತ್ತಾರೆ ಎಂದು ಅವನು ನಂಬಿದ್ದ. ಟಿವಿಯ ಕ್ಯಾಮೆರಾ ಬರಲಿಲ್ಲ. ಕ್ಯಾಮೆರಾ ಬಾರದೆ ಸಾಹೇಬರು ಕಾರು ಹತ್ತುವುದಿಲ್ಲ. ಸಾಹೇಬರು ಬಾರದೆ ಹೋರಾಟ ಮುಗಿಯುವುದಿಲ್ಲ. ಅಷ್ಟರಲ್ಲಿ ಟಯರ್ ಉರಿದು ಬೂದಿಯಾಯಿತು. ಉಪಾಧ್ಯಕ್ಷ ಸಿದ್ದು (ಮೊಬೈಲ್ ರಿಪೇರಿ ಅಂಗಡಿಯವನು, ಸಂಘಟನೆಯ ವಿಡಿಯೋಗಳನ್ನೆಲ್ಲ ತೆಗೆಯುವವನು) ಇನ್ನೊಂದು ಟಯರ್ ತರಲು ಪಂಕ್ಚರ್ ಅಂಗಡಿಗೆ ಓಡಿದ. ಎರಡೂ ಕಡೆ ಗಾಡಿಗಳು ಸಾಲುಗಟ್ಟಿದವು.

ಕ್ಯಾಮೆರಾ ಬರುವವರೆಗೆ ಈ ಸಂಬಂಧದ ಜಾತಕ ಸ್ವಲ್ಪ ನೋಡೋಣ. ಬಸುವಿನ ಸಂಘಟನೆಗೂ ದೊಡ್ಡ ಪಕ್ಷಕ್ಕೂ ಇರುವ ಸಂಬಂಧ.

ಬಸು ಮೊದಲ ಸಲ ಬೋರ್ಡಿಗೆ ಮಸಿ ಬಳಿದಾಗ ಸಾಹೇಬರು ಏನಂದರು? "ಇವರು ಪುಂಡರು." ಆಮೇಲೊಂದು ಚುನಾವಣೆ ಬಂತು. "ದಾರಿ ತಪ್ಪು, ಆದರೆ ಭಾವನೆ ಅರ್ಥವಾಗುತ್ತದೆ" ಅಂದರು. ಮತ್ತೊಂದು ಚುನಾವಣೆ ಬಂತು. ಬಸುವಿನ ಘೋಷಣೆ ಅಕ್ಷರ ಬಿಡದೆ ಪಕ್ಷದ ಪ್ರಣಾಳಿಕೆಯಲ್ಲಿತ್ತು. ಬಸು ಓಣಿಯಲ್ಲಿ ಪೇಢೆ ಹಂಚಿದ. ನಾನೂ ತಿಂದೆ.

ಆದರೆ ಅಂದಿನಿಂದಲೇ ಅವನ ಪೇಚು ಶುರುವಾಯಿತು. ಸಣ್ಣ ಅಂಗಡಿಯ ಮಾಲು ದೊಡ್ಡ ಅಂಗಡಿಯಲ್ಲಿ, ಎ.ಸಿ. ಹಾಕಿ, ರಿಬ್ಬನ್ ಕಟ್ಟಿ ಮಾರಿದರೆ ಸಣ್ಣ ಅಂಗಡಿಗೆ ಯಾರು ಬರುತ್ತಾರೆ? ಹೊಸ ಮಾಲು ತರಬೇಕು. ಇನ್ನಷ್ಟು ಖಾರದ್ದು. ಬಸು ಬೋರ್ಡು ಬಿಟ್ಟು ಬಸ್ಸಿಗೆ ಹೋದ. ಬಸ್ಸು ಬಿಟ್ಟು ಬಸ್ಸಿನಲ್ಲಿ ಕೂತವರ ಕಡೆ ತಿರುಗಿದ. ಅವನು ಒಂದು ಹೆಜ್ಜೆ ಮುಂದೆ ಹೋದಾಗೆಲ್ಲ ಪಕ್ಷ ಅವನು ಬಿಟ್ಟ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತಿತು. "ನೋಡಿ, ನಾವೆಷ್ಟು ಮಧ್ಯಮ ಮಾರ್ಗದವರು!" ಅಂದಿತು.

ಪಕ್ಷವನ್ನು ತಾನು ಬಗ್ಗಿಸಿದೆ ಎಂದು ಬಸು ತಿಳಿದಿದ್ದಾನೆ. ಅದು ಪೂರ್ತಿ ಸುಳ್ಳೂ ಅಲ್ಲ. ಪ್ರಣಾಳಿಕೆ ಬದಲಾದದ್ದು ಅವನಿಂದಲೇ. ಆದರೆ ಮೆರವಣಿಗೆ ಎತ್ತ ಹೋಗಬೇಕೆಂದು ಬ್ಯಾಂಡಿನವರು ಹೇಳಿದರೂ ಕುದುರೆಯ ಮೇಲೆ ಕೂರುವವನು ಬೇರೆ, ಅಲ್ಲವೇ?

(ಸಿಟ್ಟಾದವರು ಸಂಪಾದಕರಿಗೆ ಬರೆಯಿರಿ. ದಯವಿಟ್ಟು ಕನ್ನಡದಲ್ಲಿ ಬರೆಯಿರಿ. ಕಳೆದ ಸಲ ನಾನು ಕನ್ನಡ ದ್ರೋಹಿ ಎಂದು ಬಂದ ಪತ್ರ ಇಂಗ್ಲಿಷಿನಲ್ಲಿತ್ತು.)

ಎರಡನೆಯ ಟಯರ್ ಹತ್ತಿಕೊಂಡಿತ್ತು. ಅಷ್ಟರಲ್ಲಿ ಖಾನಾಪುರದ ಕಡೆಯ ಸಾಲಿನಲ್ಲಿ ಗದ್ದಲ. ಹುಡುಗರು ಒಂದು ಟೆಂಪೊ ತಡೆದು ನಿಂತಿದ್ದರು. ಅದರ ಗಾಜಿನ ಮೇಲೆ ದೇವರ ಹೆಸರು ಮರಾಠಿಯಲ್ಲಿತ್ತು.

"ಇಳೀರಿ ಕೆಳಗ! ಜೈ ಅನ್ರಿ! ಅಂದ್ರ ಬಿಡ್ತೀವಿ!"

ಟೆಂಪೊದಿಂದ ಬಿಳಿ ಟೋಪಿಯ ಹಿರಿಯರೊಬ್ಬರು ಇಳಿದರು. ಪಂಚೆಯ ಚುಂಗು ಕೊಡವಿ, ಸುತ್ತ ನೋಡಿದರು. ಮಲ್ಲಪ್ಪ. ಹಿಂದೆ ಹಣೆಗೆ ವಿಭೂತಿ ಹಚ್ಚಿ, ಹೊಸ ಅಂಗಿ ಹಾಕಿದ ಮಹೇಶ. ಕಿಟಕಿಗಳಲ್ಲಿ ಹಸಿರು ಬಳೆಯ ಕೈಗಳು, ಹಣ್ಣಿನ ಬುಟ್ಟಿಗಳು.

ಬಸು ಓಡಿ ಬಂದ. ಹುಡುಗರನ್ನು ದೂಡಿದ. ಮಲ್ಲಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೊರಳಲ್ಲಿ ಶಾಲು, ಕೈ ತುಂಬ ಮಸಿ.

"ಛಲೋ ಎದುರುಗೊಂಡಿ ನೋಡಪಾ ತಮ್ಮಾ" ಅಂದರು.

"ಮಾಮಾ, ಹಂಗಲ್ರಿ... ಹುಡುಗೂರಿಗೆ ಗೊತ್ತಾಗಲಿಲ್ಲ..."

"ಅವ್ರದೇನು ತಪ್ಪೈತಿ? ಜೈ ಅನ್ನೂದಕ್ಕ ನಂದೇನೂ ತಕರಾರಿಲ್ಲ. ಮುಂಜಾನಿಂದ ಅದನ್ನ ಅನಕೋಂತ ಬಂದೀವಿ. ಖಾನಾಪುರದಾಗ ಮರಾಠಿ ಹುಡುಗೂರು ಹಿಂಗ ಟಯರ್ ಹಚ್ಚಿ ನಿಂತಿದ್ರು. ಅವ್ರ ಜೈ ಅಂದ್ವಿ, ಬಿಟ್ರು. ಇಲ್ಲಿ ಬಂದ್ರ ನಿಮ್ಮ ಜೈ. ಗಂಟಲಾ ಒಣಗೇತಿ. ಬೆಲ್ಲ-ನೀರು ಎಲ್ಲೈತಿ?"

ಬಸುವಿನ ಕಣ್ಣು ಅಗಲವಾಯಿತು. "ಖಾನಾಪುರದಾಗೂ ರಸ್ತಾ ಬಂದ್ ಆಗೇತೇನ್ರಿ?"

"ಆಗೇತಪಾ. ಅಲ್ಲಿ ಲೀಡರ್ ನನ್ನ ತಂಗಿ ಮಗಾನ. ಬಿಡಲೇ, ನಿಶ್ಚೇಕ ಹೊಂಟೀವಿ ಅಂದೆ. 'ಮಾಮಾ, ನಾ ಏನ್ ಮಾಡ್ಲಿ, ಸಾಹೇಬ್ರ ಪಿ.ಎ. ಫೋನ್ ಮಾಡಿದ್ದ, ಗರ್ಮಿ ಬೇಕಂತ' ಅಂದಾ."

"ಯಾವ ಸಾಹೇಬ್ರು?"

ಮಲ್ಲಪ್ಪ ಹೆಸರು ಹೇಳಿದರು. ಅದೇ ಸಾಹೇಬರು. ಅದೇ ಪಿ.ಎ.

ಬಸು ಜೇಬಿನಿಂದ ಫೋನ್ ತೆಗೆದು, ಪಿ.ಎ. ನಂಬರ್ ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡ. ನನ್ನ ವಾರ್ಡಿನಲ್ಲಿ ಜ್ವರ ಬಂದವರಿಗೆ ನಾವು ಔಷಧ ಕೊಡುತ್ತಿದ್ದೆವು. ಇಲ್ಲಿನ ಪದ್ಧತಿ ಬೇರೆ. ಮೊದಲು ಮನೆ ಮನೆಗೂ ಜ್ವರ ಕಳಿಸುತ್ತಾರೆ, ಆಮೇಲೆ ತಾವೇ ಥರ್ಮಾಮೀಟರ್ ಹಿಡಿದು ಬರುತ್ತಾರೆ.

ಬಂದರು ಕೂಡ. ಮೊದಲು ಕ್ಯಾಮೆರಾ, ಹಿಂದೆಯೇ ಸಾಹೇಬರ ಬಿಳಿ ಕಾರು. ಅದರ ಹಿಂದೆ ಪೊಲೀಸ್ ವ್ಯಾನು. ಇದೂ ಪದ್ಧತಿಯೇ. ಮನವಿ ಕೊಟ್ಟ ಮೇಲೆ ಹೋರಾಟಗಾರರು ವ್ಯಾನ್ ಹತ್ತಬೇಕು, ಮೈದಾನದಲ್ಲಿ ಕೂತು ಚಹಾ ಕುಡಿಯಬೇಕು, ಸಂಜೆ ಮನೆಗೆ ಬರಬೇಕು. ವ್ಯಾನ್ ಹತ್ತುವ ಫೋಟೊ ಇಲ್ಲದಿದ್ದರೆ ಅದು ಹೋರಾಟವೇ ಅಲ್ಲ.

ಬಸು ಮನವಿ ಕೊಟ್ಟ. ಸಾಹೇಬರು ತೆಗೆದುಕೊಂಡರು. ವರದಿಗಾರ್ತಿ ಮೈಕ್ ಚಾಚಿದಳು. "ಸರ್, ಇವರು ನಿಮ್ಮ ಪಕ್ಷದ ಬೆಂಬಲಿಗರು ಅಂತಾರಲ್ಲ?"

"ನಮ್ಮ ಪಕ್ಷಕ್ಕೂ ಈ ಸಂಘಟನೆಗೂ ಯಾವ ಸಂಬಂಧವೂ ಇಲ್ಲ" ಎಂದರು ಸಾಹೇಬರು. ಒಂದು ಕೈ ಬಸುವಿನ ಹೆಗಲ ಮೇಲಿತ್ತು. ಕ್ಯಾಮೆರಾ ಅವರ ಮುಖವನ್ನಷ್ಟೇ ಹಿಡಿದಿತ್ತು.

ಮಲ್ಲಪ್ಪ ಕೈಕಟ್ಟಿ ನಿಂತೇ ಇದ್ದರು. "ಬಾಯಾರ, ನಮ್ಮ ಶರತ್ತು ಗೊತ್ತೈತೆಲ್ಲ? ಹುಡುಗಿ ಅಣ್ಣ ಬೆಲ್ಲ ಕೊಟ್ರ ಸೀಮಿ ದಾಟೂದು. ಇಲ್ಲಂದ್ರ ಗಾಡಿ ಹೊಳ್ಳಿಸೂದು. ಮಂದಿ ನೋಡಾಕತ್ತಾರ, ಲಗೂನ ಹೇಳ್ರಿ."

ನಾನು ಬಸುವನ್ನು ನೋಡಿದೆ. ಬಸು ಕ್ಯಾಮೆರಾ ನೋಡಿದ, ಸಿದ್ದುವಿನ ಮೊಬೈಲ್ ನೋಡಿದ, ತನ್ನ ಹುಡುಗರನ್ನು ನೋಡಿದ. ಈಗಷ್ಟೇ ಈ ಬೀಗರಿಂದಲೇ ಜೈ ಅನ್ನಿಸಲು ಹೊರಟಿದ್ದ ಹುಡುಗರು. ಅವರ ಕಣ್ಣೆದುರು ಅಧ್ಯಕ್ಷ ಮರಾಠಿ ಮಾತಾಡುವ ಬೀಗರಿಗೆ ತಲೆಬಾಗಿ ಬೆಲ್ಲ ಕೊಟ್ಟರೆ? ಸಂಘಟನೆ ಹೋಯಿತು, ಟಿಕೆಟ್ ಹೋಯಿತು. ಕೊಡದಿದ್ದರೆ? ಮನೆಯಲ್ಲಿ ರೂಪಾ ಗೋಡೆ ನೋಡುತ್ತ ಕೂತಿದ್ದಳು.

ಅವನು ಸಾಹೇಬರ ಮುಖ ನೋಡಿದ. "ಸಾಹೇಬ್ರ, ಏನ್ ಮಾಡ್ಲಿ?" ಅನ್ನುವಂತೆ.

ಸಾಹೇಬರು ಒಂದೇ ಕ್ಷಣದಲ್ಲಿ ಎಲ್ಲ ಅರ್ಥಮಾಡಿಕೊಂಡರು. ಅದಕ್ಕೇ ಅವರು ಸಾಹೇಬರು. ನೇರ ನನ್ನ ಕಡೆ ಬಂದು, ಕೈಯಲ್ಲಿದ್ದ ತಟ್ಟೆ ಎತ್ತಿಕೊಂಡು, ಕ್ಯಾಮೆರಾಕ್ಕೆ ಸ್ವಲ್ಪ ಓರೆಯಾಗಿ ನಿಂತು, ಮಲ್ಲಪ್ಪನ ಮುಂದೆ ಚಾಚಿದರು.

"ಯಾ ಪಾವ್ಣಂ, ಯಾ! ಬರ್ರಿ ಬೀಗರ, ಬರ್ರಿ! ಎರಡೂ ಭಾಷಾ ನಮ್ಮ ಎರಡು ಕಣ್ಣಿದ್ದಂಗ. ಬೆಲ್ಲ ತಗೋರ್ರಿ!"

ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಬೆಂಕಿ ಹಚ್ಚಿದ ಕೀರ್ತಿ ಬಸುವಿಗೆ, ಬೆಲ್ಲ ಹಂಚಿದ ಕೀರ್ತಿ ಇವರಿಗೆ! ಘೋಷಣೆ ಒಯ್ದರು, ಸರಿ. ಬೀಗರ ಬೆಲ್ಲವನ್ನೂ ಒಯ್ಯುವುದೇ?

ಮಲ್ಲಪ್ಪ ಬೆಲ್ಲ ಮುಟ್ಟಲಿಲ್ಲ.

"ನೀವು ಹುಡುಗಿಗೆ ಏನಾಗಬೇಕ್ರಿ?"

"ಅಣ್ಣಾನ ಅಂತ ತಿಳ್ಕೋರ್ರಿ!" ಸಾಹೇಬರು ನಕ್ಕರು.

"ಹಂಗಾರ ಪಂಚಮಿಗೆ ತವರಮನಿಗೆ ಕರಿಯಾಕ ನೀವ ಬರ್ತೀರಿ? ಆಕಿ ಹಡಿಯಾಕ ಬಂದಾಗ ರಾತ್ರಿ ರಿಕ್ಷಾ ಹುಡುಕವ್ರೂ ನೀವ?"

ಟೆಂಪೊದೊಳಗಿನ ಹೆಂಗಸರು ಗೊಳ್ಳೆಂದು ನಕ್ಕರು. ಸಾಹೇಬರೂ ನಕ್ಕರು. ಅವರಿಗೆ ಬೇಕಾದ ಫೋಟೊ ಆಗಲೇ ಸಿಕ್ಕಿತ್ತು. ತಟ್ಟೆಯನ್ನು ನನ್ನ ಕೈಗೆ ದಾಟಿಸಿ, ಬೀಗರಿಗೂ ಹೋರಾಟಗಾರರಿಗೂ ಒಂದೊಂದು ನಮಸ್ಕಾರ ಹಾಕಿ, ಕಾರು ಹತ್ತಿದರು. ಕ್ಯಾಮೆರಾವೂ ಹೋಯಿತು.

ಇನ್‌ಸ್ಪೆಕ್ಟರ್ ವ್ಯಾನಿನ ಬಾಗಿಲು ತೆರೆದರು. "ನಡೀರಿ ಅಧ್ಯಕ್ಷರ, ಹತ್ರಿ. ಊಟದ ವ್ಯಾಳೆ ಆತು."

ಬಸು ವ್ಯಾನಿನ ಕಡೆ ಒಂದು ಹೆಜ್ಜೆ ಹಾಕಿದ. ನಿಂತ. ಅವನ ಬದುಕಿನಲ್ಲಿ ಆ ವ್ಯಾನನ್ನು ಎಷ್ಟು ಸಲ ಹತ್ತಿದ್ದನೋ! ಬಾಗಿಲು ತೆರೆದಿದೆ, ಹುಡುಗರು ಜೈಕಾರ ಹಾಕುತ್ತಿದ್ದಾರೆ, ಹತ್ತಿಬಿಟ್ಟರೆ ಸುಲಭ. "ನನ್ನನ್ನ ಹಿಡಕೊಂಡು ಹೋದ್ರು" ಎಂದು ಅವ್ವನಿಗೂ ಹೇಳಬಹುದು.

ನಾನು ಹೇಳಬಹುದಾಗಿತ್ತು. ಹೇಳಲಿಲ್ಲ. ಕೆಲವು ಗುಳಿಗೆಗಳನ್ನು ರೋಗಿ ತಾನೇ ನುಂಗಬೇಕು.

ಬಸು ತಿರುಗಿ ಬಂದ. ಕೈ ಮುಂದೆ ಮಾಡಿದ. "ಬಾಯಾರ, ನೀರು ಹಾಕ್ರಿ."

ಬೀಗರಿಗೆಂದು ತಂದಿದ್ದ ತಂಬಿಗೆಯ ನೀರು ಅರ್ಧಕ್ಕಿಂತ ಹೆಚ್ಚು ಆ ಕೈಗಳನ್ನು ತೊಳೆಯಲು ಖರ್ಚಾಯಿತು. ಮಸಿ ಪೂರ್ತಿ ಹೋಗಲಿಲ್ಲ. ಶಾಲು ತೆಗೆದು, ಮಡಿಸಿ, ನನ್ನ ಕೈಗೆ ಕೊಟ್ಟ. ಬೆಲ್ಲದ ತುಂಡು ಎತ್ತಿ ಮಲ್ಲಪ್ಪನ ಮುಂದೆ ಹಿಡಿದ.

"ಮಾಮಾ, ಬರ್ರಿ. ಎಲ್ಲಾರೂ ಬರ್ರಿ. ತಡಾ ಆತು, ತಪ್ಪು ತಿಳ್ಕೋಬ್ಯಾಡ್ರಿ."

ಮಲ್ಲಪ್ಪ ಬೆಲ್ಲ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. "ಸ್ವಲ್ಪ ಟಯರ್ ವಾಸನಿ ಬರತೈತಿ" ಅಂದರು. "ಇರ್ಲಿ, ನಡಿ."

"ಅಧ್ಯಕ್ಷರ, ಏನಿದು?" ಸಿದ್ದು ಕೂಗಿದ. ಕೂಗಿದನೇ ಹೊರತು ಮೊಬೈಲ್ ಇಳಿಸಲಿಲ್ಲ. ಎಲ್ಲವನ್ನೂ ಅಚ್ಚುಕಟ್ಟಾಗಿ ಹಿಡಿದ.

ನಿಶ್ಚಯವಾಯಿತು. ತಡವಾಗಿ ಆಯಿತು. (ನನ್ನ ವೇಳಾಪಟ್ಟಿಯ ಮಾತು ಎತ್ತಬೇಡಿ.) ಅಣ್ಣ ತಡಮಾಡಿ ಬಂದನೆಂದು ರೂಪಾ ಅವನನ್ನು ನೋಡಲಿಲ್ಲ, ಮಾತಾಡಲಿಲ್ಲ. ಊಟಕ್ಕೆ ಕೂತಾಗ ಅವನ ಎಲೆಗೆ ಮಾತ್ರ ಕೇಳದೆಯೇ ಇನ್ನೊಂದು ಹೋಳಿಗೆ ಹಾಕಿ ಹೋದಳು.

ಸಂಜೆಯೊಳಗೆ ಎರಡು ವಿಡಿಯೋ ಊರೆಲ್ಲ ಓಡಾಡಿದವು. ಒಂದು ಟಿವಿಯದು: ಉದ್ವಿಗ್ನ ಗಡಿಯಲ್ಲಿ ಬೆಲ್ಲ ಹಂಚಿ ಸೌಹಾರ್ದ ಮೆರೆದ ನಾಯಕ. (ಆ ಬೆಲ್ಲವನ್ನು ಯಾರೂ ತಿನ್ನಲಿಲ್ಲ ಎಂಬುದನ್ನು ಕತ್ತರಿಸಿದ್ದರು.) ಇನ್ನೊಂದು ಸಿದ್ದುವಿನದು: ನಾಡದ್ರೋಹಿ ಅಧ್ಯಕ್ಷನ ನಿಜರೂಪ. ಗಮನಿಸಿ, ಎರಡರಲ್ಲೂ ಇರುವುದು ಅದೇ ಜಾಗ, ಅದೇ ತಟ್ಟೆ, ಅದೇ ಬೀಗರು. ದೊಡ್ಡವರು ಕೊಟ್ಟರೆ ಸೌಹಾರ್ದ, ಬಸು ಕೊಟ್ಟರೆ ದ್ರೋಹ! ಬೀದಿಯ ಮೇಲಿನ ಹೋರಾಟಗಾರನಿಗೆ ಮೆತ್ತಗಾಗುವ ಹಕ್ಕಿಲ್ಲ. ಮೆತ್ತಗಾಗುವುದು ಕಾರಿನಲ್ಲಿ ಬಂದವರಿಗೆ ಮೀಸಲು.

ಬಸು ಈಗ ಮಗ್ಗದ ಮುಂದೆ ಇರುತ್ತಾನೆ. ಪಿ.ಎ. ಫೋನು ಬರುವುದಿಲ್ಲ. ಒಂದು ಸಲ ಗೋಡೆಯಾಚೆಯಿಂದ ಅವನೇ ಕೇಳಿದ.

"ಬಾಯಾರ, ಖಾನಾಪುರದ ಆ ಹುಡುಗ, ಮಾಮಾನ ತಂಗಿ ಮಗ, ಮದವಿಗೆ ಬರ್ತಾನಲ್ರಿ. ಏನ್ ಮಾತಾಡ್ಲಿ ಅವನ ಜೋಡಿ?"

"ಇಬ್ರಿಗೂ ಫೋನ್ ಮಾಡಾಂವ ಒಬ್ಬಾನ ಅಲ್ಲೇನೋ? ಅವನ ಸುದ್ದಿ ಮಾತಾಡ್ರಿ. ಊಟ ಮುಗಿದ್ರೂ ಮಾತು ಮುಗಿಯಂಗಿಲ್ಲ" ಅಂದೆ.

ಎಳೆ ಕಡಿದಿರಲಿಲ್ಲ, ಆದರೂ ಆಚೆಯಿಂದ ಒಂದು ಅಪ್ಪಟ ಮರಾಠಿ ಬೈಗುಳ ಬಂತು.

ಬಸು ಹೋದರೆ ಗರ್ಮಿ ನಿಲ್ಲುತ್ತದೆಯೇ? ಎಲ್ಲಿಯ ಮಾತು! ಮೊನ್ನೆ ಬೆಳಿಗ್ಗೆ ನಾನು ಚಹಾ ಸೋಸುತ್ತಿದ್ದಾಗ ಬಾಗಿಲಲ್ಲಿ ಸಿದ್ದು. ಕೊರಳಲ್ಲಿ ಹೊಚ್ಚ ಹೊಸ ಶಾಲು, ಕೈಯಲ್ಲಿ ಆಮಂತ್ರಣ. ಸಂಘಟನೆ ಒಡೆದಿದೆ. ಹಳೆಯ ಹೆಸರಿನ ಹಿಂದೆ 'ಅಸಲಿ' ಎಂದು ಸೇರಿಸಿಕೊಂಡು ಇವನು ರಾಜ್ಯಾಧ್ಯಕ್ಷನಾಗಿದ್ದಾನೆ. ಹೊಸ ಆಫೀಸಿನ ಉದ್ಘಾಟನೆಯಂತೆ.

"ಕುಂದರಪಾ" ಅಂದೆ. "ಉದ್ಘಾಟನಿ ಯಾರ ಕೈಯಿಂದ?"

"ಸಾಹೇಬ್ರು ಬರ್ತಾರ್ರಿ."

"ಹೌದಾ? ಅವರಿಗೂ ನಿಮಗೂ ಏನು ಸಂಬಂಧ?"

ಸಿದ್ದು ಎದೆ ಉಬ್ಬಿಸಿದ. ಕಣ್ಣಲ್ಲಿ ಕಪಟದ ಸುಳಿವೂ ಇರಲಿಲ್ಲ.

"ಯಾವ ಸಂಬಂಧವೂ ಇಲ್ರಿ, ಬಾಯಾರ!"

ನಾನು ಅವನ ಕೈಗೆ ಚಹಾ ಕೊಟ್ಟು ಒಂದೇ ಮಾತು ಕೇಳಿದೆ: "ನಿನಗ ಮದವಿ ವಯಸ್ಸಿಗೆ ಬಂದ ತಂಗಿ ಅದಾಳೇನೋ?"